ಅಂಗಿಯ ಅಂಚಿನ ಅರಿಶಿನ

ಅವರು ತೀರಿಕೊಂಡರು ಎಂದು ಅವರ ಅಣ್ಣನ ಮಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಅವರ ಕೈಗಳು. ಸೋಫಾದ ಮೇಲೆ ಕೂತರೆ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದರು, ಯಾರೋ ಏನನ್ನೋ ಎಸೆಯುತ್ತಾರೆ, ಹಿಡಿಯಬೇಕು ಎನ್ನುವ ಹಾಗೆ. ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿರುತ್ತಿದ್ದರು. ಎಡಗೈಯ ಕಿರುಬೆರಳು ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕಾಫಿ ಲೋಟ ಹಿಡಿದಾಗ ಆ ಬೆರಳೊಂದು ದೂರ ನಿಂತು ಕಿಟಕಿಯ ಕಡೆ ನೋಡುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದೆಂದರೆ ಅವರಿಗೆ ಮುಜುಗರ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ನಾನು ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೊದಲ ಚಳಿಗಾಲ ಅದು. ಈಗ ಓಲ್ಡ್ ಬ್ರಿಡ್ಜ್ ಎನ್ನುವ ಊರಿಗೆ ಆಗ ಬೇರೆ ಹೆಸರಿತ್ತು. ಕೆಂಪು ಇಟ್ಟಿಗೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಊರಿಂದ ತಂದ ಉಪ್ಪಿನಕಾಯಿಯ ಭರಣಿಯನ್ನು ಕಾರಿನಿಂದ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಕೈಗವಸು ಜಾರಿತು, ಭರಣಿಯೂ ಜಾರಿತು. "ಅಯ್ಯೋ" ಎಂದು ಕಣ್ಣು ಮುಚ್ಚಿಕೊಂಡೆ. ಒಡೆದ ಸದ್ದು ಬರಲೇ ಇಲ್ಲ. ಕಣ್ಣು ತೆರೆದರೆ ಕೆಳಗಿನ ಮೆಟ್ಟಿಲ ಮೇಲೆ ಓವರ್‌ಕೋಟು ಹಾಕಿಕೊಂಡ ಉದ್ದನೆಯ ಮನುಷ್ಯರೊಬ್ಬರು ಭರಣಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಮಂಡಿಯೂರಿದ್ದರು.

"ಒಡೆದಿದ್ರ ಇಲ್ಲಿ ಮತ್ತ ಎಲ್ಲಿ ಸಿಗಬೇಕವಾ," ಎಂದರು. "ಮಾವಿನಕಾಯೀನೋ ನಿಂಬಿಕಾಯೀನೋ?"

"ಮಾವಿನಕಾಯಿ."

"ಹಂಗಾದ್ರ ಜಿಗದದ್ದು ಲುಕ್ಸಾನ ಆಗಲಿಲ್ಲ."

ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವರು. ತಂದೆ ರೈಲ್ವೆ ಗಾರ್ಡ್. ಇಲ್ಲಿ ಬಣ್ಣ ತಯಾರಿಸುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಮದುವೆಯಾಗಿರಲಿಲ್ಲ, ನಲವತ್ತರ ಹತ್ತಿರ ವಯಸ್ಸು. ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ಆ ದಿನದಿಂದ ನಾನು ಅವರಿಗೆ ತಂಗಿಯಾದೆ. ಬಾಗಿಲು ತಟ್ಟುವ ಮೊದಲು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ಅದು ಗೋಲ್‌ಕೀಪರುಗಳ ಅಭ್ಯಾಸವೆಂದು ನನಗೆ ತಿಳಿದದ್ದು ಆಮೇಲೆ.

ಅವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದದ್ದು ಲ್ಯಾಬಿನ ಬಿಳಿ ಕೋಟು ಹಿಡಿದುಕೊಂಡು. ಮಡಿಕೆ ಬಿಚ್ಚದ ಹೊಸ ಕೋಟು.

"ತಂಗಿ, ಮನ್ಯಾಗ ಅರಿಶಿಣ ಅದ ಏನು? ಒಂದು ಮೂಲಿಗೆ ಹಚ್ಚಿ ಕೊಡು."

ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚುವುದು ನಮ್ಮ ಮನೆಯಲ್ಲೂ ಇತ್ತು. ಆದರೆ ಕಾನ್ವೆಂಟ್ ಹಾಸ್ಟೆಲ್ಲಿನ ವರ್ಷಗಳಲ್ಲಿ ನನ್ನಿಂದ ಅದು ಬಿಟ್ಟುಹೋಗಿತ್ತು. ಯೂನಿಫಾರಂ ಮೇಲೆ ಹಳದಿ ಕಲೆ ಕಂಡರೆ ಹೊಲಿಗೆ ಕಲಿಸುವ ಸಿಸ್ಟರ್ ಮೌನವಾಗಿ ಸೋಪು ತೋರಿಸುತ್ತಿದ್ದರು.

"ನೀವೇ ಹಚ್ಚಿಕೊಳ್ಳಬಹುದಲ್ಲ, ಅಣ್ಣ? ಅರಿಶಿನ ಕೊಡ್ತೀನಿ," ಎಂದೆ.

"ತನಗ ತಾನ ಹಚ್ಕೊಂಡ್ರ ನಡಿಯಂಗಿಲ್ಲ. ಇನ್ನೊಬ್ಬರು ಹಚ್ಚಬೇಕು. ಅರಿಶಿಣ ಹಚ್ಚದ ಕೋರಾ ಬಟ್ಟಿ ಹಂಗ ಉಡೂದು ಸತ್ತಾವ್ರು ಅಷ್ಟ, ಅಂತಾಳ ನಮ್ಮವ್ವ."

ಆಮೇಲೆ ಟೈ ಬಂತು, ಚಳಿಗಾಲದ ಟೋಪಿ ಬಂತು, ಒಮ್ಮೆ ಕಾಲುಚೀಲವೂ ಬಂತು. ನಮ್ಮವರು ನ್ಯೂಯಾರ್ಕಿಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ದಿನಗಳು. ಸಂಜೆ ಬಂದು ಶೂ ಬಿಚ್ಚುತ್ತಾ, "ಇವತ್ತು ಯಾವುದಕ್ಕೆ ಹಚ್ಚಿಸಿಕೊಂಡು ಹೋದ್ರು, ಕರ್ಚೀಫಿಗಾ?" ಎನ್ನುತ್ತಿದ್ದರು. ಹಾಸ್ಯ ಮಾಡುತ್ತಿದ್ದವರು ಅವರೇ, ಮರುವರ್ಷ ಹೊಸ ಸೂಟು ತಂದಾಗ ಏನೂ ಹೇಳದೆ ಅದನ್ನು ಅಡುಗೆಮನೆಯ ಕುರ್ಚಿಯ ಮೇಲೆ ಇಟ್ಟು ಹೋದರು.

ಫುಟ್‌ಬಾಲ್ ವಿಷಯಕ್ಕೆ ಬರುತ್ತೇನೆ. ಹತ್ತಿರದ ಊರಿನಲ್ಲಿ ಹಂಗೇರಿಯಿಂದ ಬಂದವರದೊಂದು ಕ್ಲಬ್ಬಿತ್ತು. ಒಬ್ಬ ಬೇಕರಿಯವನು ಅದರ ಕೋಚ್, ಬೇಕರಿಯ ಹಿಂದಿನ ಕೋಣೆಯೇ ಆಫೀಸು. ಆ ಹಂಗೇರಿಯವರ ನಡುವೆ ನಮ್ಮ ಹುಬ್ಬಳ್ಳಿಯ ಅಣ್ಣ ಗೋಲ್‌ಕೀಪರ್. ಭಾನುವಾರ ಪಾರ್ಕಿನಲ್ಲಿ ಆಟ ಮುಗಿಸಿ, ಗಸಗಸೆ ಹಾಕಿದ ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದರು. ನನಗೆ ಆಟ ಗೊತ್ತಾಗುತ್ತಿರಲಿಲ್ಲ. ಬ್ರೆಡ್ಡಿನ ಬಿಸಿ ನೋಡಿ ಗೆದ್ದರೋ ಸೋತರೋ ಹೇಳುತ್ತಿದ್ದೆ. ಸೋತ ದಿನ ಅವರು ದಾರಿಯಲ್ಲಿ ಸುತ್ತಿಕೊಂಡು ನಿಧಾನವಾಗಿ ಬರುತ್ತಿದ್ದರು, ಬ್ರೆಡ್ಡು ಆರಿರುತ್ತಿತ್ತು.

ಹುಬ್ಬಳ್ಳಿಯಲ್ಲಿ ರೈಲ್ವೆ ತಂಡಕ್ಕೆ ಆಡುವಾಗ ನಾಲ್ಕು ಸಲ ಫೈನಲ್ ತಲುಪಿ ನಾಲ್ಕು ಸಲವೂ ಸೋತಿದ್ದರಂತೆ. ಮನೆಯ ಗೂಡಿನಲ್ಲಿ ಕಪ್ ಇಡಲೆಂದು ಅವ್ವ ಒಂದು ಜಾಗ ಬಿಟ್ಟಿದ್ದರು.

"ಈಗ ಅಲ್ಲಿ ಏನಿದೆ?" ಎಂದು ಕೇಳಿದೆ.

"ಬೆಂಕಿಪೆಟ್ಟಿಗಿ ಇಡ್ತಾಳ. ಕಪ್ ಬಂದ ದಿನ ತಗೀತೀನಿ ಅಂತಾಳ." ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, ಅಂಗೈ ನೋಡಿಕೊಳ್ಳುತ್ತಾ, "ಒಂದು ಫೋಟೋ ಕಳಸಬೇಕವಾ ಆಕಿಗೆ. ಕಪ್ ಹಿಡದದ್ದು. ಇನ್ನ ಈ ಮಣಕಾಲು ಎಷ್ಟು ದಿನ ನಡೀತಾವೋ," ಎಂದರು.

ನಾವು ಬಂದ ಮೂರನೆಯ ವರ್ಷ ಆ ಪಂದ್ಯಾವಳಿ ನಡೆಯಿತು. ಗಡಿಯಾಚೆಯ ಕೆನಡಾದಿಂದ ನಾಲ್ಕು ಕ್ಲಬ್ಬು, ಈ ಕಡೆಯಿಂದ ನಾಲ್ಕು ಕ್ಲಬ್ಬು. ಅದಕ್ಕೆ ಮೊದಲೂ ನಡೆದಿರಲಿಲ್ಲ, ಆಮೇಲೂ ನಡೆಯಲಿಲ್ಲ. ಈಗ ಅದನ್ನು ನೆನೆಯುವವರೂ ಸಿಕ್ಕುವುದಿಲ್ಲ, ನಾನು ಕನಸು ಕಂಡೆನೇನೋ ಎಂದು ಕೆಲವು ಸಲ ಅನ್ನಿಸುತ್ತದೆ. ಆಡುವವರೆಲ್ಲ ಬೇರೆ ಎಲ್ಲಿಂದಲೋ ಬಂದವರೇ. ಟೊರಾಂಟೋದ ತಂಡದವರು ಇಟಲಿಯ ಗಾರೆ ಕೆಲಸದವರು, ವ್ಯಾನಿನಲ್ಲಿ ಇಡೀ ದಿನ ಕೂತು ಬಂದಿದ್ದರು. ಎರಡು ದೇಶಗಳ ರಾಷ್ಟ್ರಗೀತೆ ಹಾಕಿದಾಗ ರೆಕಾರ್ಡು ನಿಧಾನವಾಗಿ ತಿರುಗಿ, ಎರಡೂ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳಿದವು. ಯಾರಿಗೂ ಅದು ಹಾಸ್ಯವೆನಿಸಲಿಲ್ಲ. ಟೋಪಿ ತೆಗೆದು ನಿಂತಿದ್ದರು.

ಫೈನಲ್ ದಿನ ಸೋನೆ ಮಳೆ. ಹುಲ್ಲಿನಿಂದ ಹಬೆಯಂಥದ್ದು ಏಳುತ್ತಿತ್ತು. ದೂರದ ಮರಗಳು ಇದ್ದೂ ಇಲ್ಲದ ಹಾಗೆ. ನಾವು ಕೊಡೆಯ ಕೆಳಗೆ ಪುಳಿಯೋಗರೆ ಡಬ್ಬ ಇಟ್ಟುಕೊಂಡು ಗೋಲಿನ ಹಿಂದೆ ಕೂತಿದ್ದೆವು. ಟೊರಾಂಟೋದವರ ಎದುರು ಅಣ್ಣನ ತಂಡ. ಮೊದಲರ್ಧದಲ್ಲಿ ಹಂಗೇರಿಯವರು ಒಂದು ಗೋಲು ಹೊಡೆದರು. ಅರ್ಧ ಮುಗಿಯುವಾಗ ಯಾರದೋ ಬೂಟು ತಾಗಿ ಅಣ್ಣನ ಅಂಗಿ ಬೆನ್ನಿನುದ್ದಕ್ಕೆ ಹರಿಯಿತು.

ವಿರಾಮದಲ್ಲಿ ಬೇಕರಿಯವನು ಪ್ಲಾಸ್ಟಿಕ್ ಚೀಲ ಹರಿದು ಹೊಸ ಬಿಳಿ ಅಂಗಿ ಕೊಟ್ಟ. ಅಣ್ಣ ಅದನ್ನು ಹಾಕಿಕೊಳ್ಳದೆ ನಮ್ಮ ಕಡೆ ಓಡಿ ಬಂದರು.

"ತಂಗಿ..."

"ಇಲ್ಲಿ ಎಲ್ಲಿಂದ ತರಲಿ ಅಣ್ಣ?" ಎಂದವಳಿಗೆ ನೆನಪಾಯಿತು. ಬೆಳಿಗ್ಗೆ ಪರಿಚಯದವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ, ಅವರು ಕೊಟ್ಟ ಪೊಟ್ಟಣ ಪರ್ಸಿನಲ್ಲೇ ಇತ್ತು. ಕೊಡೆಯಿಂದ ತೊಟ್ಟಿಕ್ಕುವ ನೀರಿನಲ್ಲಿ ಬೆರಳು ನೆನೆಸಿ, ಅಂಗಿಯ ಮುಂಭಾಗದ ಕೆಳ ಅಂಚಿನಲ್ಲಿ, ಹೊಕ್ಕುಳ ನೇರಕ್ಕೆ, ಒಂದು ಬೊಟ್ಟು ಹಚ್ಚಿದೆ.

"ಏನದು?" ಎಂದು ಬೇಕರಿಯವನು ಇಂಗ್ಲಿಷಿನಲ್ಲಿ ಕೇಳಿದ.

"ಇನ್ಶೂರೆನ್ಸ್," ಎಂದರು ಅಣ್ಣ.

ಅಷ್ಟರಲ್ಲಿ ಮೈದಾನ ನೋಡಿಕೊಳ್ಳುವ ಮುದುಕ ಬಕೆಟ್ಟು ಹಿಡಿದು ಬಂದು, ಮಳೆಗೆ ಅಳಿಸಿಹೋಗಿದ್ದ ಗೋಲಿನ ಗೆರೆಯ ಮೇಲೆ ಮಾತ್ರ ಮತ್ತೆ ಸುಣ್ಣ ಸುರಿದು ಹೋದ. ಹಸಿ ಹುಲ್ಲಿನ ಮೇಲೆ ಅದು ಹಾಲಿನ ಹಾಗೆ ಹೊಳೆಯಿತು.

ಎರಡನೆಯ ಅರ್ಧದಲ್ಲಿ ಅಣ್ಣ ನಮ್ಮ ಎದುರಿನ ಗೋಲಿಗೇ ಬಂದರು. ಚೆಂಡು ಬಹುಪಾಲು ಮೈದಾನದ ಆಚೆ ತುದಿಯಲ್ಲೇ ಇತ್ತು. ಬಿಳಿ ಅಂಗಿ ಬಿಳಿಯಾಗಿಯೇ ಉಳಿದಿತ್ತು. ಅವರು ಒಮ್ಮೆಯೂ ಬೀಳಬೇಕಾಗಲಿಲ್ಲ. ಆಗಾಗ ಚಪ್ಪಾಳೆ ತಟ್ಟಿಕೊಳ್ಳುತ್ತಾ ನಿಂತಿದ್ದರು.

ಕೊನೆಗೆ, ಇನ್ನೇನು ಮುಗಿಯಿತು ಎನ್ನುವಾಗ, ಟೊರಾಂಟೋದ ಒಂಬತ್ತನೇ ನಂಬರಿನವನಿಗೆ ಚೆಂಡು ಸಿಕ್ಕಿತು. ಬೋಳುತಲೆಯ, ಸ್ವಲ್ಪ ಕುಂಟುವ ಮನುಷ್ಯ. ಅವನಿಗೂ ವಯಸ್ಸಾಗಿತ್ತು. ಅಣ್ಣ ಅವನೆದುರಿಗೆ ಮುಂದಕ್ಕೆ ಓಡಿದರು. ಅವನು ಚೆಂಡನ್ನು ಮೆಲ್ಲಗೆ ಅವರ ತಲೆಯ ಮೇಲಿಂದ ಎತ್ತಿ ಹಾಕಿದ. ಅಣ್ಣ ತಿರುಗಿ, ಗೋಲಿನ ಕಡೆಗೆ ಓಡಿ, ಕೈ ಚಾಚಿ ಹಾರಿದರು. ಹೊಟ್ಟೆಯ ಮೇಲೆ ಬಿದ್ದದ್ದು, ಚೆಂಡನ್ನು ಹಿಂದಕ್ಕೆಳೆದು ಹೊಟ್ಟೆಯಡಿ ಅವಚಿಕೊಂಡದ್ದು, ಹೊರಳಿದ್ದು ಎಲ್ಲ ಒಂದೇ ಉಸಿರಿನಲ್ಲಿ ಆದದ್ದಂತೆ. ನಾನು ಅಷ್ಟು ಹತ್ತಿರ ಕೂತಿದ್ದೆ. ಆದರೆ ಭರಣಿ ಬಿದ್ದ ದಿನದಂತೆ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದೆ. ನಮ್ಮವರು ಕೊಡೆ ಸರಿಪಡಿಸುತ್ತಿದ್ದರು.

ಒಂಬತ್ತನೇ ನಂಬರಿನವನು ಎರಡೂ ಕೈ ಎತ್ತಿದ. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಗೋಲು. ರೆಫರಿ ದೂರದಿಂದ ಓಡಿ ಬಂದಾಗ ಅಣ್ಣ ಚೆಂಡನ್ನು ಹಿಡಿದು ಗೆರೆಯಿಂದ ಮೈದಾನದ ಕಡೆಗೆ ಕೂತಿದ್ದರು. ಗೋಲಲ್ಲ ಎಂದ ರೆಫರಿ. ಟೊರಾಂಟೋದವರು ಅವನನ್ನು ಸುತ್ತುಗಟ್ಟಿ ಕೂಗಾಡಿದರು. ಒಂಬತ್ತನೇ ನಂಬರಿನವನು ಮಾತ್ರ ಜಗಳಕ್ಕೆ ಹೋಗಲಿಲ್ಲ. ಗೋಲುಗಂಬದ ಪಕ್ಕ ಕೂತು ಒಂದು ಬೂಟು ಬಿಚ್ಚಿ ಅದರೊಳಗಿನ ನೀರು ಸುರಿದ. ಸೀಟಿ ಊದಿದರು. ಅಣ್ಣನ ತಂಡ ಗೆದ್ದಿತು.

ಆ ಸಂಜೆಗೆ ಕಪ್ ಇಟ್ಟುಕೊಳ್ಳಲು ಬೇಕರಿಯವನು ಅಣ್ಣನಿಗೇ ಕೊಟ್ಟ. ಕಾರಿನಲ್ಲಿ ನಾನು ಹಿಂದೆ, ಪಕ್ಕದಲ್ಲಿ ಅಣ್ಣ, ಅವರ ತೊಡೆಯ ಮೇಲೆ ಕಪ್. ಬೆಂಕಿಪೆಟ್ಟಿಗೆಯನ್ನು ಅವ್ವ ಈಗ ಎಲ್ಲಿಡುತ್ತಾಳೆ ಎನ್ನುವ ವಿಷಯ ಮಾತಾಡುತ್ತಿದ್ದರು. ನಾನು ಅವರ ಅಂಗಿ ನೋಡಿದೆ. ಅಂಚಿನಲ್ಲಿ ಕೆಂಪು.

"ಅಣ್ಣ, ರಕ್ತ."

ಬಗ್ಗಿ ನೋಡಿದರು. ಬೆರಳಿನಿಂದ ಉಜ್ಜಿದರು, ಮೂಸಿದರು. ಆಮೇಲೆ ಮನೆ ಬರುವ ತನಕ ಆ ಅಂಚನ್ನೇ ಬೆರಳುಗಳ ನಡುವೆ ಹಿಡಿದುಕೊಂಡಿದ್ದರು.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಆರತಿಗೆ ಕೆಂಪು ನೀರು ಕಲಸಿದ ಯಾರಿಗಾದರೂ ಗೊತ್ತು. ಆದರೆ ಆ ಕೆಂಪು ಏನು ಹೇಳುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಅಡುಗೆಮನೆಗೆ ಬಂದವರೇ ಅಣ್ಣ ಕಪ್ಪನ್ನು ಟೇಬಲ್ ಮೇಲಿಟ್ಟು, ನೆಲದ ಮೇಲೆ ಬೋರಲಾಗಿ ಮಲಗಿದರು.

"ಏನ್ ಸಾರ್ ಇದು?" ಎಂದರು ನಮ್ಮವರು.

"ಈ ಟೈಲ್ಸಿನ ಸಂದು ನೋಡ್ರಿ, ಇದು ಗೋಲಿನ ಗೆರಿ. ಅಂಗಿ ಅಂಚು ಸರಿಯಾಗಿ ಅದರ ಮ್ಯಾಲ ಅದ ಏನು? ತಂಗಿ, ನೋಡಿ ಹೇಳು."

"ಇದೆ."

ಅವರು ಕೈ ಚಾಚಿದರು. ಬೆರಳುಗಳು ಸಂದು ದಾಟಿ, ಇನ್ನೊಂದು ಟೈಲು ದಾಟಿ, ಒಲೆಯ ಕೆಳಗೆ ಹೋದವು. ಸೊಟ್ಟ ಕಿರುಬೆರಳು ಮಾತ್ರ ಹೊರಗೆ ಕಾಣುತ್ತಿತ್ತು.

"ನಡ ಗೆರಿ ಮ್ಯಾಲ," ಎಂದರು, ನೆಲಕ್ಕೆ ಕೆನ್ನೆ ಒತ್ತಿಕೊಂಡೇ. "ಕೈಯಾಗ ಚೆಂಡು. ಚೆಂಡು ಎಲ್ಲಿತ್ತು?"

ಎರಡನೆಯ ಅರ್ಧದಲ್ಲಿ ಅವರು ಬಿದ್ದದ್ದು ಅದೊಂದೇ ಸಲ.

"ನಿಮಗೆ ಆಗಲೇ ಗೊತ್ತಾಗಲಿಲ್ವಾ?" ನಮ್ಮವರು ಮೆಲ್ಲಗೆ ಕೇಳಿದರು.

"ಹಾರಿದಾಗ ಗೆರಿ ಎಲ್ಲಿ ಕಾಣತದ್ರಿ? ಚೆಂಡೊಂದ ಕಾಣತದ. ರೆಫರಿ ಇಲ್ಲ ಅಂದ. ನಾನೂ ನಂಬಿದೆ." ಎದ್ದು ಕೂತರು. "ನಂಬಾಕ ಮನಸ್ಸಿತ್ತು."

"ಬಿಡಿ ಸಾರ್. ರೆಫರಿ ಹೇಳಿದ್ದೇ ಆಟ. ಹಾಗೆ ನೋಡಿದ್ರೆ ಅದು ಗೋಲಾಗಿದ್ರೂ ಬರೀ ಸಮ ಆಗ್ತಿತ್ತು. ಆಮೇಲೆ ನೀವೇ ಗೆಲ್ಲಬಹುದಾಗಿತ್ತು."

"ಹೌದು. ಅವರೂ ಗೆಲ್ಲಬಹುದಿತ್ತು."

ನಾನು ಏನಾದರೂ ಹೇಳಬೇಕೆಂದು, ಎಲ್ಲ ಕಲೆಗೂ ಹೇಳುವ ಹಾಗೆ, "ನಿಂಬೆಹಣ್ಣಿದೆ ಅಣ್ಣ. ಹಚ್ಚಿದರೆ ಕೆಂಪು ಹೋಗಿ ಮತ್ತೆ ಹಳದಿಯಾಗುತ್ತೆ," ಎಂದೆ. ಹೇಳಿದ ಮೇಲೆ ನಾನು ಹೇಳಿದ್ದೇನು ಎಂಬುದು ನನ್ನ ಕಿವಿಗೇ ಬಿತ್ತು. ನಿಂಬೆಹಣ್ಣು ಅಲ್ಲೇ ಬಟ್ಟಲಿನಲ್ಲಿತ್ತು. ಅದರ ಪಕ್ಕದಲ್ಲಿ ಕಪ್ ಇತ್ತು. ಎರಡರ ಮೇಲೂ ಟ್ಯೂಬ್‌ಲೈಟಿನ ಬೆಳಕು ಒಂದೇ ಥರ ಬಿದ್ದಿತ್ತು.

ಅಣ್ಣ ತುಂಬ ಹೊತ್ತು ಆ ಹಣ್ಣನ್ನೇ ನೋಡಿದರು. ಕೈಗಳು ಮೊಣಕಾಲ ಮೇಲೆ, ಅಂಗೈ ಮೇಲ್ಮುಖವಾಗಿ.

"ಬ್ಯಾಡವಾ," ಎಂದರು. "ಇರಲಿ."

ಮರುದಿನ ಕಪ್ ತೆಗೆದುಕೊಂಡು ಬೇಕರಿಗೆ ಹೋದರು, ಅಂಗಿ ತೋರಿಸಿದರು. ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಂಡು ನೋಡಿ, ನಿನ್ನ ದೇಶದ ಮಸಾಲೆಪುಡಿಯ ಸಾಕ್ಷಿಯನ್ನು ಯಾವ ರೆಫರಿ ಒಪ್ಪುತ್ತಾನೆ ಎಂದು ನಕ್ಕನಂತೆ. ಕಪ್ ಕ್ಲಬ್ಬಿನದು, ಒಬ್ಬನದಲ್ಲ ಎಂದನಂತೆ. ಅದೂ ಸರಿಯೇ ಎಂದರು ಅಣ್ಣ ನನ್ನ ಹತ್ತಿರ. ಕಪ್ ಬೇಕರಿಯ ಕಿಟಕಿಯಲ್ಲಿ ಕೇಕುಗಳ ನಡುವೆ ಕೂತಿತು. ತಂಡದ ಫೋಟೋ ತೆಗೆಸಿದ ದಿನ ಅಣ್ಣನಿಗೆ ಲ್ಯಾಬಿನಲ್ಲಿ ಕೆಲಸವಿತ್ತು. ನಿಜಕ್ಕೂ ಇತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅವ್ವನಿಗೆ ಸೋತೆ ಎಂದು ಬರೆದರು. ಬೆಂಕಿಪೆಟ್ಟಿಗೆ ಅಲ್ಲೇ ಚೆನ್ನಾಗಿ ಕೈಗೆ ಸಿಗುತ್ತದೆ, ನೀನು ಚಿಂತೆ ಮಾಡಬೇಡ ಎಂದು ಅವ್ವ ಬರೆಸಿದ್ದರು. ಆ ಕಾಗದವನ್ನು ಅಣ್ಣ ನನಗೆ ಓದಿ ಹೇಳಿ, ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಮುಂದಿನ ವರ್ಷ ಟೊರಾಂಟೋದವರು ಮತ್ತೆ ಬಂದಾಗ ಎಲ್ಲರೆದುರು ಹೇಳುತ್ತೇನೆ ಎಂದು ಅಣ್ಣ ಅಂದುಕೊಂಡಿದ್ದರು. ಮುಂದಿನ ವರ್ಷ ಪಂದ್ಯಾವಳಿ ನಡೆಯಲಿಲ್ಲ. ನಡೆಸುವವರೊಳಗೇ ಏನೋ ಮನಸ್ತಾಪವಾಯಿತಂತೆ. ಅದು ಗೊತ್ತಾದ ವಾರ ಅಣ್ಣ ಚಪ್ಪಾಳೆ ತಟ್ಟಿ ಒಳಗೆ ಬಂದರು. ಕೈಯಲ್ಲಿ ಆ ಅಂಗಿ. ಅದನ್ನು ಅವರು ಒಗೆದಿರಲಿಲ್ಲ.

"ತಂಗಿ, ನಿಂದು ಕಾನ್ವೆಂಟ್ ಅಕ್ಷರ. ಒಂದು ಲೆಟರ್ ಬರದು ಕೊಡು. ಒಂಬತ್ತು ನಂಬರಿನವಗ, ಅವರ ಕ್ಲಬ್ಬಿನ ಅಡ್ರೆಸ್ಸಿಗೆ."

"ಏನು ಬರೀಲಿ?"

"ಅದು ಗೋಲು ಅಂತ."

ಹೊಲಿಗೆಯ ಸಿಸ್ಟರ್ ಕಲಿಸಿದ್ದ ಹಾಗೆ ಅಂಚಿನ ಆ ಕೆಂಪನ್ನು ಚೌಕವಾಗಿ ಕತ್ತರಿಸಿದೆ. ನೂಲು ಬಿಚ್ಚಿಕೊಳ್ಳದಂತೆ ಸುತ್ತ ಹೊಲಿದೆ. ಪತ್ರ ನಾಲ್ಕು ಸಾಲು. ಹಳದಿ ಯಾವುದು, ಸುಣ್ಣ ಯಾವುದು, ಸೊಂಟ ಎಲ್ಲಿತ್ತು, ಕೈ ಎಲ್ಲಿತ್ತು. ಕೊನೆಯಲ್ಲಿ, ಅದು ಗೋಲು, ನಾನು ತಪ್ಪು ತಿಳಿದಿದ್ದೆ, ಕ್ಷಮಿಸಿ. ಸಹಿ ಮಾಡುವ ಮೊದಲು ಅಣ್ಣ ಎರಡು ಸಲ ಚಪ್ಪಾಳೆ ತಟ್ಟಿದರು.

ಚಳಿಗಾಲ ಮುಗಿಯುವಾಗ ಉತ್ತರ ಬಂತು. ಒಂಬತ್ತನೇ ನಂಬರಿನವನ ಮಗಳು ಬರೆದದ್ದು, ಅವಳ ತಂದೆಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಬಟ್ಟೆಯ ಚೂರನ್ನು ಫ್ರೇಮ್ ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದಾರೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ ಎಂದಿತ್ತು. ಆದರೆ ಕೆಂಪು ದಿನೇ ದಿನೇ ಮಾಸುತ್ತಿದೆ, ಏನು ಮಾಡಬೇಕೆಂದು ತಂದೆ ಕೇಳುತ್ತಿದ್ದಾರೆ.

ಅಣ್ಣ ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. ಆ ಪಂದ್ಯಾವಳಿ ಮುಗಿದಂದಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಗಾರೆ ಕೆಲಸದಾವ," ಎಂದರು. "ಅವಗ ಸುಣ್ಣಕ್ಕೇನು ಬರ. ಅರಿಶಿಣ ನಾವ ಕಳಸೂಣು. ಬರಿ ತಂಗಿ: ಮಾಸಿದಾಗೊಮ್ಮೆ ಸ್ವಲ್ಪ ಅರಿಶಿಣ, ಸ್ವಲ್ಪ ಸುಣ್ಣ."

ಆಮೇಲೆ ಎಷ್ಟೋ ವರ್ಷ ಡಿಸೆಂಬರಿನಲ್ಲಿ ಟೊರಾಂಟೋಗೆ ನನ್ನ ಮನೆಯಿಂದ ಒಂದು ಸಣ್ಣ ಪೊಟ್ಟಣ ಹೋಗುತ್ತಿತ್ತು. ಅಲ್ಲಿಂದ ಒಂದು ಕಾರ್ಡು ಬರುತ್ತಿತ್ತು. ಒಂದು ವರ್ಷ ಕಾರ್ಡು ಬರಲಿಲ್ಲ.

ಫ್ಯೂನರಲ್ ಹೋಮಿನಲ್ಲಿ ಅವರ ಅಣ್ಣನ ಮಗಳು ನನ್ನ ಕೈಗೆ ಹೊಸ ಪಂಚೆ ಕೊಟ್ಟಳು. ಇಲ್ಲಿಯೇ ಬೆಳೆದ ಹುಡುಗಿ. ಜೊತೆಗೆ ತನ್ನ ಚೀಲದಿಂದ ಒಂದು ಪುಟ್ಟ ಡಬ್ಬ ತೆಗೆದಳು.

"ಆಂಟಿ, I brought turmeric. ಕಾಕಾ ಯಾವಾಗಲೂ you should do it ಅಂತಿದ್ರು. ಇನ್ನೊಬ್ಬರೇ ಹಚ್ಚಬೇಕಂತೆ."

ನನ್ನ ಬೆರಳು ಆಗಲೇ ಡಬ್ಬದೊಳಗೆ ಹೋಗಿತ್ತು. ಅಷ್ಟು ವರ್ಷಗಳ ರೂಢಿ. ಪಂಚೆಯ ಮೂಲೆ ಹಿಡಿದವಳು ಅಲ್ಲೇ ನಿಂತೆ.

"ಇದಕ್ಕೆ ಹಚ್ಚಬಾರದಮ್ಮ," ಎಂದೆ. "ಇದೊಂದಕ್ಕೆ ಇಲ್ಲ."

ಅವರಿಗೆ ಕೋರಾ ಪಂಚೆ ಹೊದಿಸಿದರು. ಕೈಗಳನ್ನು ಎದೆಯ ಮೇಲೆ ಮಡಿಸಿದ್ದರು. ನಾನು ಕೇಳಿಕೊಂಡದ್ದಕ್ಕೆ ಅಲ್ಲಿಯವನು ಅವನ್ನು ಬಿಡಿಸಿ, ಪಕ್ಕಕ್ಕೆ, ಅಂಗೈ ಮೇಲ್ಮುಖವಾಗಿ ಇಟ್ಟ. ಬೆರಳಿಗಂಟಿದ್ದ ಅರಿಶಿನವನ್ನು ಒರೆಸಿಕೊಳ್ಳಲು ಕರ್ಚೀಫು ಹುಡುಕಿದೆ, ಸಿಗಲಿಲ್ಲ. ಮನೆಗೆ ಬಂದು ಸೋಪು ಹಚ್ಚಿದಾಗ ಬೇಸಿನ್ನಿನ ನೀರು ಒಂದು ಕ್ಷಣ ಕೆಂಪಾಗಿ ಹರಿಯಿತು.